ಅಹವಾಲು ಹೇಳಲು ಕಲಿಯೋಣ
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರಿಸರದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದ್ದಾರೆ. ಗಿಡ ನೆಡುವ ವಿಷಯ ಹೇಳುತ್ತೇನೆಂದು ನೀವು ಭಾವಿಸಿರಬಹುದು. ಅದು ಒಳ್ಳೆಯ ಕೆಲಸವೇ. ಆದರೆ ಇಂದು ನಾನು ಹೇಳಬಯಸುವುದು ಬೇರೊಂದು ಕೆಲಸದ ಬಗ್ಗೆ. ಕಾಡು, ನೀರು, ವನ್ಯಜೀವಿಗಳಿಗೆ ಸಂಬಂಧಿಸಿದ ಅನೇಕ ನಿಯಮಗಳನ್ನು ಅಂತಿಮಗೊಳಿಸುವ ಮೊದಲು ಸರ್ಕಾರ ಜನರ ಅಭಿಪ್ರಾಯ ಕೇಳುತ್ತದೆ. ಹಲವು ದೊಡ್ಡ ಯೋಜನೆಗಳಿಗೆ ಅನುಮತಿ ಕೊಡುವ ಮೊದಲೂ ಕೇಳುತ್ತದೆ. ಕೇಳಿದಾಗ ನಾವು ಉತ್ತರ ಕೊಡುತ್ತೇವೆಯೇ?

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುವ ಊರಿನ ಸಮೀಪ ದೊಡ್ಡ ಕಲ್ಲು ಗಣಿಯ ಬಗ್ಗೆ ಸಾರ್ವಜನಿಕ ಆಲಿಕೆ ಸಭೆ ಇತ್ತು. ಅದರ ಪ್ರಕಟಣೆ ಕನ್ನಡ ಪತ್ರಿಕೆಯಲ್ಲಿ ಬಂದಿತ್ತು. ಆ ಪತ್ರಿಕೆ ನಮ್ಮ ಶಾಲೆಗೂ ಬರುತ್ತದೆ. ಪ್ರಕಟಣೆ ನನ್ನ ಕಣ್ಣಿಗೂ ಬಿದ್ದಿತ್ತು. ಚಿಕ್ಕ ಅಕ್ಷರ, ಸರ್ವೆ ನಂಬರುಗಳು. ನಾನು ಪುಟ ಮಗುಚಿ ಕ್ರಿಕೆಟ್ ಸುದ್ದಿ ಓದಿದೆ. ತಿಂಗಳಾದ ಮೇಲೆ ಸಭೆ ನಡೆಯಿತು, ನಾಲ್ಕೈದು ಜನ ಮಾತನಾಡಿದರು, ಮುಗಿಯಿತು.

ಆಮೇಲೆ ಒಂದು ಸಂಜೆ, ಗುಡ್ಡದ ಪಕ್ಕದಲ್ಲೇ ಬಾವಿ ಇಟ್ಟುಕೊಂಡು ತರಕಾರಿ ಬೆಳೆಯುವ ಹಿರಿಯರೊಬ್ಬರು ಸಿಕ್ಕರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. "ಮಾಸ್ಟರ್ ಸಾಬ್, ನನಗೆ ಕನ್ನಡ ಓದಲು ಬರುವುದಿಲ್ಲ. ನಿಮಗೆ ಬರುತ್ತದಲ್ಲ? ಒಂದು ಮಾತು ಹೇಳಿದ್ದರೆ ಸಾಕಿತ್ತು" ಎಂದರು. ಎರಡು ಭಾಷೆ ಕಲಿಸುವ ನನ್ನ ಬಳಿ ಒಂದು ಭಾಷೆಯಲ್ಲೂ ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯವನ್ನು ತಿಳಿದುಕೊಳ್ಳಲು ಆರಂಭಿಸಿದೆ.

2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯಲ್ಲಿ ಈ ಆಲಿಕೆಯ ಕ್ರಮವನ್ನು ವಿವರವಾಗಿ ಬರೆಯಲಾಗಿದೆ. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯೊಬ್ಬರು ಅಧ್ಯಕ್ಷತೆ ವಹಿಸಬೇಕು. ನಡಾವಳಿಯನ್ನು ವಿಡಿಯೋ ಮಾಡಬೇಕು, ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇನ್ನೊಂದು ಅಂಶ ಗಮನಿಸಿ. ಸಭೆ ಆರಂಭಿಸಲು ಇಷ್ಟೇ ಜನ ಇರಬೇಕೆಂಬ ನಿಯಮವಿಲ್ಲ. ಅಂದರೆ ನಾವು ಹೋಗದಿದ್ದರೂ ಸಭೆ ನಡೆಯುತ್ತದೆ. ನಮ್ಮ ಮೌನವೂ ಕಡತಕ್ಕೆ ಸೇರುತ್ತದೆ.

ಇದು ಯೋಜನೆಗಳ ಮಾತು. ಹೊಸ ನಿಯಮ ಮಾಡುವಾಗಲೂ ಮೊದಲು ಕರಡು ಪ್ರಕಟಿಸಿ, ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. 2020ರಲ್ಲಿ ಈ 2006ರ ಅಧಿಸೂಚನೆಯ ಬದಲಿಗೆ ಹೊಸದೊಂದರ ಕರಡು ಬಂತು. ಆಲಿಕೆಯ ವಿಷಯದಲ್ಲಿ ಜನರಿಗಿದ್ದ 30 ದಿನಗಳನ್ನು 20ಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ದೇಶವಿಡೀ ಕೊರೋನಾದಿಂದ ಬಾಗಿಲು ಮುಚ್ಚಿದ್ದ ಕಾಲ. ಕರಡು ಇದ್ದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ.

ಪರಿಸರ ಪ್ರೇಮಿಗಳು ನ್ಯಾಯಾಲಯಕ್ಕೆ ಹೋದರು. 2020ರ ಜೂನ್ 30ರಂದು ದೆಹಲಿ ಹೈಕೋರ್ಟ್ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಕರಡನ್ನು ಅನುವಾದಿಸಲು ಹೇಳಿತು. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಆಗಸ್ಟ್ 5ರಂದು ನಮ್ಮ ಕರ್ನಾಟಕ ಹೈಕೋರ್ಟ್, ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂಬ ಕಾರಣಕ್ಕೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ತಾತ್ಕಾಲಿಕ ತಡೆ ನೀಡಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೂ ಹೋಗಿ, ಕಾನೂನಿನಂತೆ ಎರಡು ಭಾಷೆ ಸಾಕೆಂದು ವಾದಿಸಿತು. ಈ ನಡುವೆ ಲಕ್ಷಾಂತರ ಜನ ಅಭಿಪ್ರಾಯ ಬರೆದು ಕಳುಹಿಸಿದರು. ಆ ವರ್ಷ ಕರಡು ಅಂತಿಮವಾಗಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಭಾಷೆ ಕಲಿತು ಏನು ಪ್ರಯೋಜನವೆಂದು ನನ್ನನ್ನು ಕೇಳುವವರಿದ್ದಾರೆ. ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆ ಪ್ರಶ್ನೆಯೇ ಅಲ್ಲ ಎಂಬ ಸರಳ ವಿಚಾರ ಈ ಪ್ರಕರಣದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಇದಕ್ಕಿಂತ ಉತ್ತರ ಬೇಕೆ?

ಅಭಿಪ್ರಾಯ ಹೇಳಿದರೆ ಗೆಲುವು ಖಂಡಿತವೇ? ಇಲ್ಲ. ಎರಡು ಉದಾಹರಣೆ ಕೊಡುತ್ತೇನೆ. ಕುಲಾಂತರಿ ಬಿಟಿ ಬದನೆಯ ಬಗ್ಗೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು 2010ರಲ್ಲಿ ಏಳು ನಗರಗಳಲ್ಲಿ ಜನರ ಸಭೆ ನಡೆಸಿದರು. ಕೊನೆಯದು ಬೆಂಗಳೂರಿನಲ್ಲಿ, ಫೆಬ್ರವರಿ 6ರಂದು. ರೈತರು, ವಿಜ್ಞಾನಿಗಳು, ಗ್ರಾಹಕರು ಮಾತನಾಡಿದರು. ಮೂರು ದಿನಗಳಲ್ಲಿ ಅದರ ವಾಣಿಜ್ಯ ಬೇಸಾಯಕ್ಕೆ ತಡೆ ಬಿತ್ತು.

ಇನ್ನೊಂದು, ಬನ್ನೇರುಘಟ್ಟ. ಆನೆಗಳು ಓಡಾಡುವ ಆ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಗುರುತಿಸಲು 2016ರಲ್ಲಿ ಬಂದ ಕರಡಿನಲ್ಲಿ ಸುಮಾರು 269 ಚದರ ಕಿ.ಮೀ. ಇತ್ತು. 2018ರ ಕರಡಿನಲ್ಲಿ ಅದು ಸುಮಾರು 169ಕ್ಕೆ ಇಳಿಯಿತು. ನಾಗರಿಕರು ಆಕ್ಷೇಪಿಸಿದರು. ಆದರೂ 2020ರ ಮಾರ್ಚಿನಲ್ಲಿ ಅಂತಿಮವಾದದ್ದು ಆ ಕಡಿಮೆ ಅಳತೆಯೇ.

ಹಾಗಾದರೆ ಬರೆದವರ ಶ್ರಮ ವ್ಯರ್ಥವೇ? ನಾನು ಹಾಗೆ ಹೇಳಲಾರೆ. ಆನೆಯ ಪರವಾಗಿ ಯಾರೂ ಮಾತನಾಡಲಿಲ್ಲವೆಂದು ನಾಳೆ ಯಾರೂ ಹೇಳುವಂತಿಲ್ಲ. ನ್ಯಾಯಾಲಯಕ್ಕೆ ಹೋಗುವವನಿಗೂ, ಮುಂದೆ ನಿಯಮ ತಿದ್ದುವವನಿಗೂ ಬರೆದಿಟ್ಟ ಮಾತೇ ಆಧಾರ. ಆಡದ ಮಾತಿಗೆ ಸಾಕ್ಷಿ ಎಲ್ಲಿಂದ ಬರಬೇಕು?

ಭಾಷಾ ಶಿಕ್ಷಕನಾಗಿ ಒಂದು ಸಂಗತಿ ಹೇಳಲೇಬೇಕು. ಕನ್ನಡದ ಅಹವಾಲು, ಅರ್ಜಿ, ತಕರಾರು, ಕಾನೂನು, ಜಿಲ್ಲೆ ಇವೆಲ್ಲ ಉರ್ದುವಿನಲ್ಲೂ ಇರುವ ಪದಗಳು. ಅರಬ್ಬಿ ಮೂಲದ ಈ ಮಾತುಗಳು ಶತಮಾನಗಳಿಂದ ಕನ್ನಡಿಗರ ಬಾಯಲ್ಲಿವೆ. ಕಚೇರಿಯ ಭಾಷೆ ನಮಗೆ ದೂರದ್ದೆಂದು ಹೆದರಬೇಕಾಗಿಲ್ಲ. ಅರ್ಧ ಪದಗಳು ನಮ್ಮ ಮನೆಯವೇ.

ಕೊನೆಯದಾಗಿ ನನ್ನ ವಿನಂತಿ. ವಿದ್ಯಾರ್ಥಿಗಳು ವಾರಕ್ಕೊಮ್ಮೆಯಾದರೂ ಪತ್ರಿಕೆಯ ಪ್ರಕಟಣೆಗಳನ್ನು ಓದಿ. ನಿಮ್ಮ ಊರಿನ ಹೆಸರು ಕಂಡರೆ ಕತ್ತರಿಸಿ, ದಿನಾಂಕಕ್ಕೆ ಗೆರೆ ಎಳೆದು, ಓದು ಬಾರದವರಿಗೆ ಅವರ ಭಾಷೆಯಲ್ಲಿ ಹೇಳಿ. ಪಂಚಾಯಿತಿ ಅಥವಾ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಾರಾಂಶ ಕೇಳಿ ಓದಿ. ಓದದೆ ವಿರೋಧಿಸುವುದೂ ಬೇಡ, ಓದದೆ ಒಪ್ಪುವುದೂ ಬೇಡ. ಒಪ್ಪಿಗೆಯೋ ತಕರಾರೋ, ಕಾರಣ ಕೊಟ್ಟು ಒಂದು ಪುಟದಲ್ಲಿ ಬರೆಯಿರಿ. ನಮ್ಮ ಬಾವಿ, ನಮ್ಮ ಗೋಮಾಳ, ಗುಡ್ಡದ ನವಿಲುಗಳ ಬಗ್ಗೆ ನಮಗೆ ಗೊತ್ತಿರುವುದು ದೂರದ ಅಧಿಕಾರಿಗೆ ಗೊತ್ತಿರುವುದಿಲ್ಲ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದುಕೊಳ್ಳಿ. ಸದಸ್ಯ ಬಂಧುಗಳು ಸಂಸ್ಥೆಯ ವಾಚನಾಲಯದಲ್ಲಿ ಇದಕ್ಕೊಂದು ಫಲಕ ಇಟ್ಟರೆ, ಪ್ರತಿ ಶನಿವಾರ ಎರಡು ಭಾಷೆಯಲ್ಲಿ ಬರೆದು ಹಚ್ಚುವ ಹೊಣೆ ನನ್ನದು.

ಚಾಚಾ ಕೇಳಿದ ಪ್ರಶ್ನೆಯನ್ನು ನಿಮ್ಮ ಊರಿನಲ್ಲಿ ನಿಮ್ಮನ್ನು ಯಾರೂ ಕೇಳುವಂತಾಗದಿರಲಿ.