ಬೆಂಕಿಪೊಟ್ಟಣದ ಪಾಠ

(ಅಂಬರನಾಥದಲ್ಲಿ ನಡೆದ ಕಾರ್ಮಿಕ ಬಂಧುಗಳ ಸಭೆಯಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ)



ಇಂದಿನ ವಿಷಯ ‘ಯುರೋಪಿನ ಸ್ವಾವಲಂಬನೆ’ ಎಂದು ಹಲಗೆಯ ಮೇಲೆ ಬರೆದುದನ್ನು ಕಂಡು, ಪಾಳಿ ಮುಗಿಸಿ ಬಂದ ಗೆಳೆಯರೊಬ್ಬರು, “ಯುರೋಪಿನವರ ಚಿಂತೆ ನಮಗೇಕೆ ಸ್ವಾಮಿ? ಬೋನಸ್ಸಿನ ಮಾತಾಡಿ” ಎಂದರು. ಅವರು ಕೇಳಿದ್ದು ತಪ್ಪಲ್ಲ. ಆದರೆ ಆ ಮಾತಿಗೂ ಈ ಮಾತಿಗೂ ನಂಟಿದೆ. ಅದನ್ನು ತೋರಿಸಲು ನಾವು ಯುರೋಪಿಗೆ ಹೋಗಬೇಕಾಗಿಲ್ಲ. ಇದೇ ಊರಿನ ವಿಮ್ಕೋ ನಾಕಾದವರೆಗೆ ಹೋದರೆ ಸಾಕು.

ಒಂದು ಕಾಲಕ್ಕೆ ನಮ್ಮ ಒಲೆಗಳನ್ನು ಹೊತ್ತಿಸುವ ಬೆಂಕಿಕಡ್ಡಿ ಜಪಾನಿನಿಂದಲೂ ಸ್ವೀಡನ್ನಿನಿಂದಲೂ ಹಡಗಿನಲ್ಲಿ ಬರುತ್ತಿತ್ತು. 1922ರಲ್ಲಿ ಬ್ರಿಟಿಷ್ ಸರಕಾರವು ತನ್ನ ಬೊಕ್ಕಸ ತುಂಬಿಸಿಕೊಳ್ಳಲು ಗ್ರೋಸಿಗೆ, ಎಂದರೆ 144 ಪೊಟ್ಟಣಕ್ಕೆ, ಒಂದೂವರೆ ರೂಪಾಯಿ ಸುಂಕ ಹಾಕಿತು. ಸುಂಕದ ಗೋಡೆ ಎದ್ದೊಡನೆ ಸ್ವೀಡನ್ನಿನ ಕಂಪನಿ ಏನು ಮಾಡಿತು? ಗೋಡೆ ದಾಟಿ ಒಳಗೇ ಬಂದು ಕೂತಿತು. 1923ರಲ್ಲಿ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ, ಎಂದರೆ ವಿಮ್ಕೋ, ಹುಟ್ಟಿತು. ಅಂಬರನಾಥದಲ್ಲಿ ಅದರ ಕಾರ್ಖಾನೆ ಎದ್ದಿತು. ಊರಿಗೆ ಕೆಲಸ ಬಂತು, ಕೂಲಿ ಬಂತು. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಒಡೆತನದ ಕೀಲಿಕೈ ಮಾತ್ರ ಸ್ವೀಡನ್ನಿನಲ್ಲೇ ಉಳಿಯಿತು. ಅದು ನಮ್ಮ ದೇಶದ ಐಟಿಸಿ ಕಂಪನಿಯ ಕೈಗೆ ಬಂದದ್ದು 2005ರಲ್ಲಿ.

ಪರರ ಹಂಗು ಬಡ ದೇಶಗಳಿಗೆ ಮಾತ್ರ ಎಂದು ನಾವು ತಿಳಿಯಬಾರದು. ಅದೇ ಸ್ವೀಡನ್ನಿನ ಬೆಂಕಿಕಡ್ಡಿಯ ದೊರೆ ಈವಾರ್ ಕ್ರೂಗರ್ ಎಂಬಾತ, ಮೊದಲ ಮಹಾಯುದ್ಧದ ತರುವಾಯ ಕೈ ಬರಿದಾಗಿದ್ದ ಯುರೋಪಿನ ಸರಕಾರಗಳಿಗೆ ಸಾಲ ಕೊಟ್ಟು, ಬದಲಿಗೆ ಬೆಂಕಿಕಡ್ಡಿ ಮಾರುವ ಏಕಸ್ವಾಮ್ಯ ಬರೆಸಿಕೊಳ್ಳುತ್ತಿದ್ದ. 1929ರಲ್ಲಿ ಜರ್ಮನಿ ಅವನಿಂದ 12.5 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. 1932ರಲ್ಲಿ ಕ್ರೂಗರ್ ಸತ್ತ. ಅವನ ಸಾಮ್ರಾಜ್ಯ ಮುರಿದುಬಿತ್ತು. ಹಿಟ್ಲರ್ ಬಂದ, ಹೋದ, ದೇಶವೇ ಇಬ್ಭಾಗವಾಯಿತು. ಆದರೂ ಆ ಏಕಸ್ವಾಮ್ಯ ಪಶ್ಚಿಮ ಜರ್ಮನಿಯಲ್ಲಿ 1983ರವರೆಗೂ ಉಳಿಯಿತು! ಒಂದು ಸಾಲದ ಕಾಗದಕ್ಕಾಗಿ ಅಲ್ಲಿನ ಗೃಹಿಣಿ ಅರ್ಧ ಶತಮಾನ ಒಂದೇ ಬಾಗಿಲಿನಿಂದ ಬೆಂಕಿಕಡ್ಡಿ ಕೊಳ್ಳಬೇಕಾಯಿತು.

ಬಂಧುಗಳೇ, ಚಾಳಿನಲ್ಲಿ ಬಾಳಿದ ನಮಗೆ ಇದು ಹೊಸದಲ್ಲ. ಒಂದೇ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದವನಿಗೆ ಅಂಗಡಿಯವನು ಹೇಳಿದ್ದೇ ಬೆಲೆ, ಕೊಟ್ಟದ್ದೇ ಅಕ್ಕಿ. ಕೈಯಲ್ಲಿ ನಾಲ್ಕು ಕಾಸು ಇದ್ದವನು ಮೂರು ಅಂಗಡಿ ನೋಡಿ ಕೊಳ್ಳುತ್ತಾನೆ. ಇಬ್ಬರೂ ಕೊಳ್ಳುವವರೇ. ಆದರೆ ಒಬ್ಬನಿಗೆ ‘ಬೇಡ’ ಎನ್ನುವ ಶಕ್ತಿಯಿದೆ, ಮತ್ತೊಬ್ಬನಿಗಿಲ್ಲ. ಸ್ವಾವಲಂಬನೆ ಎಂದರೆ ಆ ಶಕ್ತಿ.

ಯುರೋಪು ಇಂದು ಅರಸುತ್ತಿರುವುದೂ ಅದನ್ನೇ. 2021ರಲ್ಲಿ ಯುರೋಪಿನ ಒಕ್ಕೂಟವು ಹೊರಗಿನಿಂದ ತರಿಸಿದ ಅನಿಲದಲ್ಲಿ ನೂರಕ್ಕೆ ಸುಮಾರು 45 ಪಾಲು ರಷ್ಯದಿಂದ ಬಂದದ್ದು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಹೂಡಿದ ಮೇಲೆ ಉದ್ರಿಯ ಅಂಗಡಿ ಮುಚ್ಚಿದಂತಾಯಿತು. ಅನಿಲದ ಬೆಲೆ ಮುಗಿಲಿಗೇರಿತು. ಅವರು ಹಟ ಹಿಡಿದು ಆ ಪಾಲನ್ನು 2024ರ ಹೊತ್ತಿಗೆ 19ರ ಆಸುಪಾಸಿಗೆ ಇಳಿಸಿದರು; ಗಾಳಿ, ಬಿಸಿಲು, ನೀರುಗಳಿಂದ ಹೆಚ್ಚು ಕಡಿಮೆ ಅರ್ಧದಷ್ಟು ವಿದ್ಯುತ್ತನ್ನು ಪಡೆದರು. ಇದು ಮೆಚ್ಚತಕ್ಕ ಸಾಹಸ. ಆದರೆ ಅದೇ 2024ರಲ್ಲಿ ಅವರು ಹಡಗಿನಲ್ಲಿ ತರಿಸಿದ ದ್ರವ ಅನಿಲದಲ್ಲಿ ನೂರಕ್ಕೆ ಸುಮಾರು 45 ಪಾಲು ಅಮೆರಿಕೆಯದು! ಅಂಗಡಿ ಬದಲಾಯಿತು, ಉದ್ರಿಯ ಪುಸ್ತಕ ಪೂರ್ತಿ ಹರಿದುಹೋಗಲಿಲ್ಲ.

ಇನ್ನೊಂದು ಮಾತನ್ನೂ ನಾವು ಹೇಳಲೇಬೇಕು. 2022ರಲ್ಲಿ ಯುರೋಪು ಹೆಚ್ಚು ಹಣ ಸುರಿದು ದ್ರವ ಅನಿಲ ಕೊಂಡಾಗ ಪಾಕಿಸ್ತಾನದ ಟೆಂಡರಿಗೆ ಮಾರುವವರೇ ಬರಲಿಲ್ಲ. ಬಾಂಗ್ಲಾದೇಶದಲ್ಲಿ ಸರದಿಯಂತೆ ದೀಪ ಆರಿಸಿದರು. ಉಳ್ಳವನ ಮನೆಯ ದೀಪ ಉಳಿಯಿತು, ಇಲ್ಲದವನದು ನಂದಿತು.

ತಂತ್ರವಿದ್ಯೆಯಲ್ಲಿ ಯುರೋಪಿನಿಂದ ಕಲಿಯತಕ್ಕದ್ದಿದೆ. ದೊಡ್ಡ ವಿಮಾನಗಳೆಂದರೆ ಅಮೆರಿಕೆಯವೇ ಎಂದಿದ್ದ ಕಾಲದಲ್ಲಿ, 1970ರಲ್ಲಿ, ಫ್ರಾನ್ಸು ಜರ್ಮನಿಗಳು ಕೂಡಿ ಏರ್‌ಬಸ್ ಕಟ್ಟಿದವು. ಮೊದಲ ವರ್ಷಗಳಲ್ಲಿ ಕೊಳ್ಳುವವರು ವಿರಳ. ಬಿಡದೆ ದುಡಿದರು, 2019ರಲ್ಲಿ ಏರ್‌ಬಸ್ ಬೋಯಿಂಗಿಗಿಂತ ಹೆಚ್ಚು ವಿಮಾನಗಳನ್ನು ಒಪ್ಪಿಸಿತು. ಅದಕ್ಕೆ ದಶಕಗಳ ತಾಳ್ಮೆ ಬೇಕಾಯಿತು.

ನಾವೂ ಆರಂಭಿಸಿದವರೇ. 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಹುಟ್ಟಿತು. ಯಂತ್ರಗಳನ್ನು ಮಾಡುವ ಯಂತ್ರ ನಮ್ಮದಾಗಬೇಕೆಂಬ ಅದೇ ಹಂಬಲದಿಂದ ಅದೇ ವರ್ಷ ಈ ಅಂಬರನಾಥದಲ್ಲಿ ಸರಕಾರದ ಯಂತ್ರೋಪಕರಣ ಮಾದರಿ ಕಾರ್ಖಾನೆ ಸ್ಥಾಪನೆಯಾಯಿತು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು ಮಾಡಿದ ಕೈಗಡಿಯಾರ ನಮ್ಮ ಎಷ್ಟೋ ಮಂದಿಯ ಮದುವೆಯ ಉಡುಗೊರೆಯಾಗಿತ್ತು. 2016ರಲ್ಲಿ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಸರಕಾರ ಒಪ್ಪಿಗೆ ಕೊಟ್ಟಿತು. ಒಮ್ಮೆ ಕಲಿತ ವಿದ್ಯೆಯನ್ನು ದಿನದಿನವೂ ಹೊಸದು ಮಾಡಿಕೊಳ್ಳದಿದ್ದರೆ ಸ್ವಾವಲಂಬನೆಯೂ ಕೀಲಿ ಕೊಡದ ಗಡಿಯಾರದಂತೆ ನಿಂತುಹೋಗುತ್ತದೆ.

ಈ ಸ್ವಾವಲಂಬನೆಯ ಬೆಲೆಯನ್ನು ಯಾರು ತೆರಬೇಕು? ಮತ್ತೆ ಬೆಂಕಿಪೊಟ್ಟಣಕ್ಕೆ ಬರೋಣ. ಸುಂಕದ ಗೋಡೆ ಎದ್ದ ಅದೇ 1922ರಲ್ಲಿ ಶಿವಕಾಶಿಯ ಇಬ್ಬರು ತರುಣರು, ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್, ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿಯ ಕಸುಬು ಕಲಿತು ಬಂದರು. ಬರಗಾಲದ ಸೀಮೆಗೆ ಅನ್ನದ ದಾರಿಯಾಯಿತು. ಇದು ನಮ್ಮವರ ಹೆಮ್ಮೆಯ ಕಥೆ. ಆದರೆ ಆ ಕಸುಬಿನಲ್ಲಿ ದಶಕಗಳ ಕಾಲ ಶಾಲೆಗೆ ಹೋಗಬೇಕಾದ ಮಕ್ಕಳ ಕೈಗಳೂ ಸವೆದವು. ದೇಶ ಪರರ ಹಂಗು ಬಿಟ್ಟಿತು, ಮಗು ಪುಸ್ತಕ ಬಿಟ್ಟಿತು. ಇಂಥ ಸ್ವಾವಲಂಬನೆ ನಮಗೆ ಒಪ್ಪಿಗೆಯಿಲ್ಲ.

ಈಗ ಗೋಡೆ ಕಟ್ಟುವ ಸರದಿ ಯುರೋಪಿನದು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟುಗಳನ್ನು ಮಾಡುವಾಗ ಬಿಟ್ಟ ಇಂಗಾಲದ ಹೊಗೆಯ ಲೆಕ್ಕಕ್ಕೆ ಹಣ ತೆರಬೇಕೆಂಬ ಅಲ್ಲಿನ ಗಡಿ ನಿಯಮ 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಹಣ ಕಟ್ಟುವವನು ಅಲ್ಲಿ ತರಿಸಿಕೊಳ್ಳುವವನು. ಅವನು ಇಲ್ಲಿನ ಧಣಿಗೆ ಬೆಲೆ ಇಳಿಸೆನ್ನುತ್ತಾನೆ. ಧಣಿ ನಮ್ಮ ಕಡೆ ನೋಡುತ್ತಾನೆ. ಹೋಟೆಲಿನಲ್ಲೂ ಇದೇ ಕಥೆ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಉರಿಯುವ ಅಡಿಗೆ ಅನಿಲದಲ್ಲಿ ನೂರಕ್ಕೆ ಸುಮಾರು 60 ಪಾಲು ಹೊರಗಿನಿಂದ, ಹೆಚ್ಚಿನಂಶ ಕೊಲ್ಲಿ ದೇಶಗಳಿಂದ, ಬಂದದ್ದು. ಅಲ್ಲಿ ಗುಂಡು ಹಾರಿದರೆ ಇಲ್ಲಿ ಸಿಲಿಂಡರಿನ ಬೆಲೆ ಏರುತ್ತದೆ, ದೋಸೆಯ ಕಾವಲಿ ತಣ್ಣಗಾಗುತ್ತದೆ, ‘ನಾಳೆಯಿಂದ ಬರಬೇಡ’ ಎಂಬ ಮಾತು ಮೊದಲು ಮಾಣಿಯ ಕಿವಿಗೆ ಬೀಳುತ್ತದೆ.

ಆದಕಾರಣ ನಾವು ಕೇಳುವುದು ಇಷ್ಟೇ: ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಹಳೆಯ ಕೆಲಸಗಾರನಿಗೆ ಮೊದಲು ಕಲಿಸಿರಿ. ಇಂಧನ ತುಟ್ಟಿಯಾದರೆ ಆಳು ಕಡಿಮೆ ಮಾಡುವ ಮುನ್ನ ಲೆಕ್ಕದ ಪುಸ್ತಕ ಬಿಚ್ಚಿ ನಮ್ಮೊಡನೆ ಕೂಡಿರಿ. ನಮಗೆ ನಾವು ಹೇಳಿಕೊಳ್ಳುವುದೂ ಇದೆ. ಹಿಂದೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸಿದವು. ಅಕ್ಷರ ಬಂದ ಹುಡುಗ ‘ಈ ಧಣಿಯಲ್ಲದಿದ್ದರೆ ಇನ್ನೊಬ್ಬ’ ಎನ್ನಬಲ್ಲವನಾದ. ಇಂದು ನಮ್ಮ ಮಕ್ಕಳಿಗೆ ಅಕ್ಷರದೊಡನೆ ಕಸುಬೂ ಬೇಕು. ಎರಡು ಕಸುಬು ಬಲ್ಲವನಿಗೆ ಎರಡು ಬಾಗಿಲು.

ದೇಶಕ್ಕೂ ಕೆಲಸಗಾರನಿಗೂ ನ್ಯಾಯ ಒಂದೇ. ಒಂದೇ ಬಾಗಿಲಲ್ಲಿ ಕೈಯೊಡ್ಡಿ ನಿಂತವನು ಬೋನಸ್ಸನ್ನು ಬೇಡುತ್ತಾನೆ; ವಿದ್ಯೆಯೂ ಒಗ್ಗಟ್ಟೂ ಉಳ್ಳವನು ಅದನ್ನು ಕೇಳಿ ಪಡೆಯುತ್ತಾನೆ. ನಮ್ಮ ಗೆಳೆಯರ ಪ್ರಶ್ನೆಗೆ ಇದೇ ನಮ್ಮ ಉತ್ತರ.