ತಲೆಯ ಹೇನು ಮತ್ತು ಮಗುವಿನ ಮಾನ



ಶಾಲೆಗೆ ಬರುವ ಮಕ್ಕಳ ತಲೆಯಲ್ಲಿ ಹೇನು ಕಾಣಿಸಿಕೊಳ್ಳುವುದು ಹೊಸ ಸಂಗತಿಯಲ್ಲ. ಆದರೆ ಅದನ್ನು ಕಂಡ ಗಳಿಗೆಯಲ್ಲಿ ಶಿಕ್ಷಕರ ಬಾಯಿಂದ ಹೊರಡುವ ಮಾತು ಸಾಮಾನ್ಯವಾದುದಲ್ಲ. ಹೇನು ಕೆಲವು ವಾರಗಳಲ್ಲಿ ಹೋದೀತು. ತರಗತಿಯ ಎದುರು ಅಂಟಿದ ಅಡ್ಡಹೆಸರು ವರ್ಷಗಟ್ಟಲೆ ಉಳಿಯುತ್ತದೆ. ಆ ನಾಚಿಕೆಗೆ ಶಾಲೆ ತಪ್ಪಿಸುವ ಹುಡುಗಿಯ ಪಾಠ ಹಿಂದೆ ಬೀಳುತ್ತದೆ.

ಮೊದಲು ತಿಳಿಯಬೇಕಾದದ್ದು ಹೇನಿನ ಸ್ವಭಾವ. ಅದು ಎಳ್ಳುಕಾಳಿನಷ್ಟು, ಅಂದರೆ 2ರಿಂದ 3 ಮಿಲಿಮೀಟರ್ ಉದ್ದದ ಕೀಟ. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬಾರದು. ತಲೆಗೆ ತಲೆ ತಾಗಿದಾಗ ಕೂದಲಿನಿಂದ ಕೂದಲಿಗೆ ಹರಿದುಹೋಗುತ್ತದೆ. ಒಂದೇ ಪುಸ್ತಕದ ಮೇಲೆ ಬಾಗಿದ ಇಬ್ಬರು ಗೆಳತಿಯರು, ಒಂದೇ ಚಾಪೆಯಲ್ಲಿ ಮಲಗುವ ಅಕ್ಕತಂಗಿಯರು, ಇವೇ ಅದರ ದಾರಿ. ಕೊಳಕು ಅದಕ್ಕೆ ಕಾರಣವಲ್ಲ. ನಿತ್ಯ ಸ್ನಾನ ಮಾಡಿದ ತಲೆಯಲ್ಲೂ ಅದು ಬದುಕುತ್ತದೆ. ತಲೆಹೇನು ರೋಗ ಹರಡುವುದಿಲ್ಲ. ಆದರೆ ತುರಿಕೆಯಿಂದ ನಿದ್ದೆ ಕೆಡುತ್ತದೆ. ಕೆರೆದ ಗಾಯ ಕೀವಾಗಬಹುದು.

ಹೆಣ್ಣು ಹೇನು ದಿನಕ್ಕೆ 8ರವರೆಗೆ ಮೊಟ್ಟೆ ಇಡಬಲ್ಲದು. ಸೀರು ಎನ್ನುವ ಆ ಮೊಟ್ಟೆ ಕೂದಲಿನ ಬುಡಕ್ಕೆ ಅಂಟಿಕೊಂಡು, ಸುಮಾರು 7ರಿಂದ 10 ದಿನಗಳಲ್ಲಿ ಒಡೆಯುತ್ತದೆ. ಒಂದು ದಿನದ ಉಪಚಾರ ಸಾಲದೆ ಹೋಗುವುದು ಇದರಿಂದಲೇ. ಇಂದು ಹೇನು ಸತ್ತರೂ ಉಳಿದ ಸೀರಿನಿಂದ ಮುಂದಿನ ವಾರ ಮರಿಗಳು ಹೊರಬರುತ್ತವೆ.

ಅಗ್ಗದ ಉಪಾಯ ಸೀರಣಿಗೆ. ಒದ್ದೆ ಕೂದಲಿಗೆ ಧಾರಾಳವಾಗಿ ಎಣ್ಣೆ ಹಚ್ಚಿ, ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲವೂ ಬಿಳಿಯ ಬಟ್ಟೆಗೆ ಒರೆಸಬೇಕು. ಮೂರು ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ ಇದು ನಡೆಯಬೇಕು. ಔಷಧಿ ಬೇಕಾದರೆ ಆರೋಗ್ಯ ಕೇಂದ್ರದ ಸಲಹೆಯಂತೆ 1% ಪರ್ಮೆಥ್ರಿನ್ ಲೋಷನ್ ಹಚ್ಚಿ, 10 ನಿಮಿಷದ ನಂತರ ತೊಳೆದು, ಸುಮಾರು 9 ದಿನಗಳ ಮೇಲೆ ಮತ್ತೊಮ್ಮೆ ಹಚ್ಚಬೇಕು. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ತಲೆ ಬೋಳಿಸುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ ಮಾತ್ರ ಎಲ್ಲರ ಕಿವಿಗೂ ಬೀಳಬೇಕು. ಆದವಾನಿಯ ಹತ್ತಿಯ ಸೀಮೆಯಲ್ಲಾಗಲಿ, ಜತ್ತದ ದಾಳಿಂಬೆ ತೋಟಗಳ ಕಡೆಯಾಗಲಿ ಬೆಳೆಗೆ ಹೊಡೆಯುವ ಕೀಟನಾಶಕ ಮನೆಯಲ್ಲಿ ಕೈಗೆಟಕುವಂತಿರುವುದುಂಟು. ಅದನ್ನು ತಲೆಗೆ ಹಚ್ಚಿದರೆ ವಿಷವು ಚರ್ಮದ ಮೂಲಕ ಮೈಗೆ ಇಳಿದು ಪ್ರಾಣಕ್ಕೇ ಎರವಾಗಬಹುದು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ; ಒಲೆಯ ಮುಂದೆ ಕುಳಿತರೆ ಬೆಂಕಿಯೂ ಹೊತ್ತೀತು.

ಶಾಲೆಯಲ್ಲಿ ಶಿಕ್ಷಕರ ಕರ್ತವ್ಯ ಸರಳ. ತರಗತಿಯ ಮುಂದೆ ಮಗುವಿನ ತಲೆ ಬಿಡಿಸಿ ನೋಡಬಾರದು, ಬೇರೆ ಕೂರಿಸಬಾರದು, ನಡುಹೊತ್ತಿನಲ್ಲಿ ಮನೆಗೆ ಕಳುಹಿಸಬಾರದು. ಸಂಜೆಯವರೆಗೆ ಕಾದರೆ ಆಗುವ ನಷ್ಟ ಅಲ್ಪ; ಹೇನು ತಲೆ ಸೇರಿ ಆಗಲೇ ಹಲವು ದಿನಗಳಾಗಿರುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನೆನಪಿರಲಿ.

ತಾಯಿಯೊಡನೆ ಮಾತನಾಡುವಾಗ ಭಾಷೆಯ ಪ್ರಶ್ನೆ ಏಳುತ್ತದೆ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಔಷಧಿಯ ಚೀಟಿ ಒಂದು ಭಾಷೆಯದು, ಮನೆಮಾತು ಇನ್ನೊಂದು, ಪಾಠ ಕನ್ನಡದ್ದು. ಹಳಗನ್ನಡದ ಪೇನ್ ಎಂಬ ಶಬ್ದವೇ ತಮಿಳು, ಮಲಯಾಳಗಳಲ್ಲಿ ಇಂದಿಗೂ ಇದೆ. ತೆಲುಗಿನಲ್ಲಿ ಅದು ಪೇನು. ಮರಾಠಿಯ ತಾಯಿಗೆ ಉವಾ ಎಂದರೆ ತಿಳಿಯುತ್ತದೆ. ಆ ತಾಯಿಯ ಮಾತಿನಲ್ಲಿಯೇ, ಬೇರೆಯವರಿಲ್ಲದೆಡೆ, ಎಷ್ಟು ಹಚ್ಚಬೇಕು, ಯಾವ ದಿನ ಮತ್ತೆ ಹಚ್ಚಬೇಕು ಎಂಬುದನ್ನು ಹೇಳಿ, ಕನ್ನಡ ಓದುವ ಮನೆಯಾದರೆ ಚೀಟಿಯಲ್ಲಿ ಬರೆದುಕೊಡುವುದು ಒಳ್ಳೆಯದು.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗಲೇ, ಯಾರ ತಲೆಯಲ್ಲೂ ಹೇನು ಹುಡುಕುವ ಮುನ್ನ, ಇದನ್ನು ವಿಜ್ಞಾನದ ಪಾಠವಾಗಿ ಎಲ್ಲರಿಗೂ ಕಲಿಸುವುದು ಮೇಲು. ಮೊದಲೇ ತಿಳಿದ ತರಗತಿಯಲ್ಲಿ ಮಗು ತುರಿಕೆಯನ್ನು ಮುಚ್ಚಿಡದೆ ತಾನಾಗಿಯೇ ಬಂದು ಹೇಳುತ್ತದೆ. ಬೇಗ ಹೇಳಿದಷ್ಟೂ ಬೇಗ ಗುಣವಾಗುತ್ತದೆ.