ಹಬಲ್‌ಗೆ ಅರ್ಜಿ ತುಂಬಿದ ಕತೆ

ಮೇರಿಲ್ಯಾಂಡಿನಲ್ಲಿ ನಡೆದ ನಮ್ಮ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ ಇದು. ಬರಲಾಗದ ಗೆಳೆಯರಿಗಾಗಿ ಕಳಿಸುತ್ತಿದ್ದೇವೆ.



ಊಟಕ್ಕೆ ಮುಂಚೆ ಮಾತಾಡಲು ನಿಂತವನ ಕಷ್ಟ ನಿಮಗೂ ಗೊತ್ತು, ನನಗೂ ಗೊತ್ತು. ಬಿಸಿಬೇಳೆಬಾತ್ ಆರುವ ಮೊದಲು ಮುಗಿಸುತ್ತೇನೆ, ಭಯಪಡಬೇಡಿ.

ನಾವೆಲ್ಲ ಅರ್ಜಿ ತುಂಬಿಯೇ ಈ ದೇಶಕ್ಕೆ ಬಂದವರು. ಪಾಸ್‌ಪೋರ್ಟಿನ ಅರ್ಜಿ, ಯೂನಿವರ್ಸಿಟಿಯ ಅರ್ಜಿ, ವೀಸಾ ಅರ್ಜಿ, ಹಸಿರು ಕಾರ್ಡಿನ ಅರ್ಜಿ. 'ಸರ್‌ನೇಮ್' ಎನ್ನುವ ಕಾಲಂ ಎದುರು ಕೂತು ಅಪ್ಪನ ಹೆಸರು ಬರೆಯಬೇಕೋ, ಊರಿನ ಹೆಸರು ಬರೆಯಬೇಕೋ ಎಂದು ತಲೆ ಕೆರೆದುಕೊಳ್ಳದವರು ಈ ಹಾಲ್‌ನಲ್ಲಿ ಯಾರಾದರೂ ಇದ್ದೀರಾ? ನಾನು ಇವತ್ತು ಹೇಳಲಿರುವುದೂ ಒಂದು ಅರ್ಜಿಯ ಕತೆಯೇ. ಆದರೆ ಈ ಅರ್ಜಿ ಹೋಗುವುದು ಆಕಾಶದಲ್ಲಿರುವ ಒಂದು ದೂರದರ್ಶಕಕ್ಕೆ.

ನಾನು ಸಾಫ್ಟ್‌ವೇರಿನವನು. ಖಗೋಳ ವಿಜ್ಞಾನ ಓದಿದವಳು ನನ್ನ ಹೆಂಡತಿ. 2022ರಲ್ಲಿ ಅವಳ ಪೋಸ್ಟ್‌ಡಾಕ್ ಕೆಲಸ ಮುಗಿಯಲು ಒಂದೂಕಾಲು ವರ್ಷ ಉಳಿದಿತ್ತು. ಹಬಲ್ ದೂರದರ್ಶಕಕ್ಕೆ ಅವಳು ಹಾಕಿದ್ದ ಎರಡು ಅರ್ಜಿಗಳು ಅಷ್ಟರಲ್ಲಿ ತಿರಸ್ಕೃತವಾಗಿದ್ದವು. ಮೂರನೆಯದೂ ಹೋದರೆ ಮುಂದಿನ ಕೆಲಸ ಏನು, ಇನ್ನು ಇಲ್ಲಿರುತ್ತೇವೋ ಇಲ್ಲವೋ ಎನ್ನುವ ಮಾತು ಮನೆಯಲ್ಲಿ ದಿನಾ ನಡೆಯುತ್ತಿತ್ತು. ಕೆಲಸಕ್ಕೆ ವೀಸಾ ಕಟ್ಟಿಹಾಕಿರುವವರ ಮನೆಯಲ್ಲಿ ಈ ಮಾತು ಹೇಗಿರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಹಬಲ್ 1990ರ ಏಪ್ರಿಲ್‌ನಲ್ಲಿ ಮೇಲೆ ಹೋಯಿತು. ಅದರ ಕನ್ನಡಿಯ ಅಗಲ 2.4 ಮೀಟರ್. ಸುಮಾರು 95 ನಿಮಿಷಕ್ಕೆ ಭೂಮಿಗೆ ಒಂದು ಸುತ್ತು ಹಾಕುತ್ತದೆ. ಅದು ಯಾವತ್ತು ಯಾವ ಕಡೆ ನೋಡಬೇಕು ಎಂದು ತೀರ್ಮಾನವಾಗುವುದು ನಮ್ಮ ಪಕ್ಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯ ಆವರಣದಲ್ಲಿರುವ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅಲ್ಲಿಗೆ ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು. ಅಮೆರಿಕದ ಪ್ರಜೆಯಾಗಿರಬೇಕಿಲ್ಲ, ಅಮೆರಿಕದಲ್ಲಿ ಇರಬೇಕೆಂದೂ ಇಲ್ಲ. ಸಂಶೋಧನೆಗೆ ಕೊಡುವ ಹಣ ಮಾತ್ರ ಇಲ್ಲಿನ ಸಂಸ್ಥೆಗಳಲ್ಲಿರುವವರಿಗೆ. ದೂರದರ್ಶಕದ ಸಮಯ ಎಲ್ಲರಿಗೂ. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇನೆ.

ಅರ್ಜಿ ತುಂಬಲು ಎಪಿಟಿ ಎನ್ನುವ ಪ್ರೋಗ್ರಾಂ ಇದೆ. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಹಬಲ್‌ಗಾದರೆ ಕೆಲಸ ಎರಡು ಹಂತದಲ್ಲಿ. ಮೊದಲ ಹಂತದಲ್ಲಿ ಏನು ನೋಡಬೇಕು, ಯಾಕೆ ನೋಡಬೇಕು, ಎಷ್ಟು ಸುತ್ತು ಬೇಕು, ಈ ಕೆಲಸ ಭೂಮಿಯ ಮೇಲಿನ ದೂರದರ್ಶಕದಿಂದ ಯಾಕೆ ಆಗುವುದಿಲ್ಲ ಎಂದು ಬರೆಯಬೇಕು. ಒಪ್ಪಿಗೆ ಸಿಕ್ಕ ಮೇಲೆ ಎರಡನೇ ಹಂತ. ಯಾವ ಉಪಕರಣ, ಯಾವ ಸೀಳು, ಎಷ್ಟು ಸೆಕೆಂಡು, ಯಾವುದಾದ ಮೇಲೆ ಯಾವುದು, ಹೀಗೆ ಪ್ರತಿಯೊಂದು ವಿವರವನ್ನೂ ತುಂಬಬೇಕು. ಏಕೆಂದರೆ ಮೇಲೆ ಯಾರೂ ಕೂತಿಲ್ಲ. "ಸ್ವಲ್ಪ ಎಡಕ್ಕೆ ನೋಡಪ್ಪಾ" ಎನ್ನುವಂತಿಲ್ಲ. ನೀವು ತುಂಬಿದ ಕಾಲಂಗಳೇ ಕೊನೆಗೆ ಅದಕ್ಕೆ ಆದೇಶಗಳಾಗುತ್ತವೆ.

ನನ್ನಾಕೆ ಕೇಳಿದ್ದು ಹತ್ತಿರದ ಒಂದು ಕೆಂಪು ಕುಬ್ಜ ನಕ್ಷತ್ರವನ್ನು. ಅದರ ಸುತ್ತ ಒಂದು ಗ್ರಹ ತೀರಾ ಹತ್ತಿರದಲ್ಲಿ ಸುತ್ತುತ್ತದೆ. ಆ ಶಾಖಕ್ಕೆ ಗ್ರಹದ ಜಲಜನಕ ಆವಿಯಾಗಿ ಹಾರಿಹೋಗುತ್ತಿದೆಯೇ ಎನ್ನುವುದು ಅವಳ ಪ್ರಶ್ನೆ. ಜಿಜೆ 436 ಎನ್ನುವ ನಕ್ಷತ್ರದ ಗ್ರಹದಲ್ಲಿ ಹೀಗೆ ಆಗುತ್ತಿರುವುದನ್ನು ಹಬಲ್ ತೋರಿಸಿದೆ. ಆ ಗ್ರಹದ ಹಿಂದೆ ಮುಂದೆ ಹರಡಿರುವ ಜಲಜನಕದ ಮೋಡ ನಕ್ಷತ್ರದ ಒಂದು ಬಗೆಯ ನೇರಳಾತೀತ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮರೆಮಾಡುತ್ತದೆ ಎಂದು 2015ರಲ್ಲಿ ಪ್ರಕಟವಾಯಿತು. ಈ ಬೆಳಕನ್ನು ನಮ್ಮ ಗಾಳಿ ಕೆಳಗೆ ಬಿಡುವುದೇ ಇಲ್ಲ. ಆದ್ದರಿಂದ ಎಷ್ಟು ದೊಡ್ಡ ಬೆಟ್ಟದ ಮೇಲೆ ಎಷ್ಟು ದೊಡ್ಡ ಕನ್ನಡಿ ಇಟ್ಟರೂ ಪ್ರಯೋಜನವಿಲ್ಲ.

ಮೂರನೇ ಸಲ ಒಪ್ಪಿಗೆ ಬಂತು! ಮನೆಯಲ್ಲಿ ಪಾಯಸ ಆಯಿತು. ಹಾಸನದಿಂದ ಮಾವನವರು ಫೋನ್ ಮಾಡಿದರು. ಅವರು ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. "ಏನಳಿಯಂದ್ರೇ, ನಕ್ಷತ್ರ ನೋಡಕ್ಕೂ ಅರ್ಜಿನಾ? ಹುಷಾರು ಕಣ್ರೀ. ಒಂದು ಕಾಲಂ ತಪ್ಪಿದ್ರೆ ಪಹಣಿ ಬೇರೆಯವ್ರ ಹೆಸ್ರಿಗೆ ಹೋಗ್ಬಿಡುತ್ತೆ" ಅಂದರು. ನಾನು ನಕ್ಕೆ.

ಎರಡನೇ ಹಂತಕ್ಕೆ ಕೆಲವೇ ವಾರ ಇತ್ತು. ಮಗುವಿಗೆ ಜ್ವರ, ಅವಳಿಗೂ ಜ್ವರ. "ರೀ, ನಕ್ಷತ್ರದ ವಿವರ ಇರೋ ಪುಟ ಒಂದು ನೀವು ತುಂಬಿಬಿಡಿ, ಬರೀ ನಂಬರ್ ಅಷ್ಟೆ" ಎಂದಳು. ಹತ್ತು ವರ್ಷದಿಂದ ಡೇಟಾಬೇಸ್‌ಗಳ ಜೊತೆ ಹೆಣಗಿದವನಿಗೆ ಇದೇನು ಮಹಾ ಎಂದುಕೊಂಡೆ. ಅವಳ ಹಳೆಯ ಅರ್ಜಿಯ ಫೈಲು ತೆರೆದೆ. ಆಗಷ್ಟೇ ಯೂರೋಪಿನ ಗಾಯಾ ಉಪಗ್ರಹದ ಹೊಸ ಪಟ್ಟಿ ಹೊರಬಂದಿತ್ತು. ಅದರಿಂದ ನಕ್ಷತ್ರದ ಸ್ಥಾನವನ್ನು, ಅಂದರೆ ಆಕಾಶದ ಅಕ್ಷಾಂಶ ರೇಖಾಂಶ ಎಂದುಕೊಳ್ಳಿ, ಎತ್ತಿ ಅಂಟಿಸಿದೆ. ಪ್ರೋಗ್ರಾಂ ಎಲ್ಲೂ ಕೆಂಪು ಗುರುತು ತೋರಿಸಲಿಲ್ಲ. ಅಬ್ಬಾ, ಮುಗಿಯಿತು ಎಂದು ಮಲಗಿದೆ.

ನಾನು ಮಾಡಿದ ತಪ್ಪು ಏನು ಗೊತ್ತೇ? ನಕ್ಷತ್ರಗಳು ಒಂದೇ ಕಡೆ ನಿಂತಿರುವುದಿಲ್ಲ. ಹತ್ತಿರದ ನಕ್ಷತ್ರಗಳಲ್ಲಿ ಕೆಲವು ಆಕಾಶದಲ್ಲಿ ಸಾಕಷ್ಟು ಬೇಗ ಸರಿಯುತ್ತವೆ. ನಮ್ಮದು ವರ್ಷಕ್ಕೆ ಸುಮಾರು 1 ಆರ್ಕ್‌ಸೆಕೆಂಡ್, ಅಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು ಸರಿಯುವಂಥದ್ದು. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 5 ಕಿಲೋಮೀಟರ್ ದೂರದಲ್ಲಿಟ್ಟರೆ ಎಷ್ಟು ಕಾಣುತ್ತದೋ ಅಷ್ಟು. ಆದ್ದರಿಂದ ಅರ್ಜಿಯಲ್ಲಿ ಸ್ಥಾನದ ಜೊತೆಗೆ ಅದು ಸರಿಯುವ ವೇಗವನ್ನೂ ಬರೆಯಬೇಕು, ಆ ಸ್ಥಾನ ಯಾವ ವರ್ಷದ್ದು ಎಂದೂ ಬರೆಯಬೇಕು. ಗಾಯಾದ ಆ ಪಟ್ಟಿಯಲ್ಲಿರುವ ಸ್ಥಾನಗಳು 2016ರವು. ಹಳೆಯ ಫೈಲಿನ ಆ ಕಾಲಂನಲ್ಲಿ ಇದ್ದದ್ದು 2000. ನಾನು ಸ್ಥಾನ ಬದಲಿಸಿದೆ, ವರ್ಷ ಬದಲಿಸಲಿಲ್ಲ.

ಫಲ ಏನು? ದೂರದರ್ಶಕ 16 ವರ್ಷದ ನಡಿಗೆಯನ್ನು ಎರಡೆರಡು ಸಲ ಕೂಡಿಸುತ್ತದೆ. 16 ಆರ್ಕ್‌ಸೆಕೆಂಡ್ ಆಚೆ, ಖಾಲಿ ಆಕಾಶವನ್ನು ನೋಡುತ್ತದೆ. ಈ ಉಪಕರಣ ನಕ್ಷತ್ರವನ್ನು ಹುಡುಕಲು ನೋಡುವ ಚೌಕ 5 ಆರ್ಕ್‌ಸೆಕೆಂಡ್ ಅಗಲದ್ದು. ಆಮೇಲೆ ಬೆಳಕು ಹಾಯಬೇಕಾದ ಸೀಳಿನ ಅಗಲ 0.2 ಆರ್ಕ್‌ಸೆಕೆಂಡ್. ಎರಡು ಅಂಕಿಗಳೂ ತಮ್ಮಷ್ಟಕ್ಕೆ ತಾವು ಸರಿಯಾಗಿಯೇ ಇದ್ದದ್ದರಿಂದ ಪ್ರೋಗ್ರಾಂಗೆ ಅನುಮಾನ ಬರಲಿಲ್ಲ. ಟೈಮ್‌ಜೋನ್ ಬರೆಯದೆ ಬರೀ ಗಂಟೆ ಉಳಿಸಿಟ್ಟು ಪೇಚಿಗೆ ಸಿಕ್ಕವರಿಗೆ ಇದು ಯಾವ ಜಾತಿಯ ಬಗ್ ಎಂದು ಈಗಾಗಲೇ ಹೊಳೆದಿರುತ್ತದೆ. ಉಪಕರಣ ಕೆಟ್ಟು ವೀಕ್ಷಣೆ ಹಾಳಾದರೆ ಮತ್ತೆ ಅವಕಾಶ ಕೇಳಬಹುದು. ಅರ್ಜಿದಾರನೇ ತಪ್ಪು ತುಂಬಿದ್ದರೆ ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲ.

ಗಡುವಿಗೆ ನಾಲ್ಕು ದಿನ ಇತ್ತು. ಅವಳು ಏಳುತ್ತಲೇ ಮಾಡಿದ ಕೆಲಸ, ಹಳೆಯ ಆಕಾಶದ ಫೋಟೋ ತೆರೆದು ಅದರ ಮೇಲೆ ನಮ್ಮ ಗುರಿಯನ್ನು ಇಟ್ಟು ನೋಡಿದ್ದು. ಫೋಟೋ 1990ರ ಸುಮಾರಿನದು. ಆದ್ದರಿಂದ ಗುರಿ ನಕ್ಷತ್ರದ ಮೇಲೆ ಬೀಳಲೇಬಾರದು, 33 ವರ್ಷದಷ್ಟು ಆಚೆ ಬೀಳಬೇಕು. ನಾನಾಗಿದ್ದರೆ "ಆಚೆ ಬಿದ್ದಿದೆ, ಸರಿಯಾಗಿದೆ" ಎಂದು ಮುಚ್ಚಿಬಿಡುತ್ತಿದ್ದೆ. ಅವಳು ಎಷ್ಟು ಆಚೆ ಎಂದು ಅಳೆದಳು. 33 ಇರಬೇಕಾದಲ್ಲಿ 49 ಬಂತು. ಹೆಚ್ಚಾದದ್ದು 16. ಬೈಯಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿ "ಇದು ಯಾವ ವರ್ಷದ್ದು?" ಎಂದಳು ಅಷ್ಟೆ.

ಆ ರಾತ್ರಿ ಮಾವನವರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮಲ್ಲೂ ಅದೇ ಅಲ್ವೇ. ಸರ್ವೆ ನಂಬರ್ ಸರಿ ಇರುತ್ತೆ, ಚಕ್ಕುಬಂದಿ ಸರಿ ಇರುತ್ತೆ. ಯಾವ ವರ್ಷದ ನಕ್ಷೆ ಅಂತ ಯಾರೂ ಕೇಳಲ್ಲ. ಜಗಳ ಎಲ್ಲಾ ಅಲ್ಲೇ" ಎಂದರು. ನಾನು ಈ ಸಲ ನಗಲಿಲ್ಲ.

ಆಮೇಲೆ ಉಳಿದ ಕಾಲಂಗಳನ್ನು ಅವಳ ಪಕ್ಕದಲ್ಲೇ ಕೂತು ನೋಡಿದೆ. ಗ್ರಹ ನಕ್ಷತ್ರದ ಮುಂದೆ ಹಾಯುವ ಹೊತ್ತಿಗೇ ವೀಕ್ಷಣೆ ನಡೆಯಬೇಕು. ಅದಕ್ಕೆ ದಿನಾಂಕ ಬರೆದು ಕಟ್ಟಿಹಾಕುವುದಿಲ್ಲ. ಗ್ರಹ ಸುತ್ತುವ ಅವಧಿ ಎಷ್ಟು, ಒಮ್ಮೆ ಹಾದುಹೋದದ್ದು ಸರಿಯಾಗಿ ಯಾವಾಗ ಎಂದು ಕೊಟ್ಟರೆ ಸರಿಹೊಂದುವ ಹೊತ್ತನ್ನು ಅವರೇ ಹುಡುಕುತ್ತಾರೆ. ನೀವು ಕಟ್ಟುಪಾಡು ಹೆಚ್ಚಿಸಿದಷ್ಟೂ ಅವರ ಕ್ಯಾಲೆಂಡರಿನಲ್ಲಿ ಜಾಗ ಸಿಗುವುದು ಕಷ್ಟ. ಹಬಲ್ ಪ್ರತಿ ಸುತ್ತಿನಲ್ಲೂ ಭೂಮಿಯ ಹಿಂದೆ ಹೋಗುವುದರಿಂದ 95 ನಿಮಿಷದಲ್ಲಿ ನಕ್ಷತ್ರ ಕಾಣುವುದು ಹೆಚ್ಚುಕಡಿಮೆ ಅರ್ಧ ಹೊತ್ತು. ಅದರಲ್ಲೂ ಗುರಿ ಹಿಡಿಯಲು ಕೆಲವು ನಿಮಿಷ ಹೋಗುತ್ತದೆ. ಹೀಗೆ ಸುತ್ತಿಗೆ ಸುತ್ತು ಲೆಕ್ಕ ಹಾಕಬೇಕು.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್‌ಗೂ ಇದೇ ಎಪಿಟಿ. ಆದರೆ ಅಲ್ಲಿ ಎರಡು ಹಂತವಿಲ್ಲ, ಎಲ್ಲ ವಿವರವನ್ನೂ ಮೊದಲೇ ತುಂಬಿ ಕಳಿಸಬೇಕು. ಅದು ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಸೂರ್ಯನಿಗೆ ಬೆನ್ನು ಹಾಕಿಯೇ ಇರಬೇಕಾದ್ದರಿಂದ ಒಂದು ಹೊತ್ತಿಗೆ ಆಕಾಶದ ಶೇಕಡಾ 39ರಷ್ಟನ್ನು ಮಾತ್ರ ನೋಡಬಲ್ಲದು. 2024ರ ಅಕ್ಟೋಬರ್‌ನಲ್ಲಿ ಮುಗಿದ ಅದರ ನಾಲ್ಕನೇ ಸುತ್ತಿಗೆ 2,377 ಅರ್ಜಿಗಳು ಬಂದಿದ್ದವು. ಕೇಳಿದ ಸಮಯ ಸುಮಾರು 78,000 ಗಂಟೆ, ಇದ್ದದ್ದಕ್ಕಿಂತ ಸುಮಾರು ಒಂಬತ್ತು ಪಟ್ಟು!

ಇಷ್ಟು ಜನರಲ್ಲಿ ಆರಿಸುವವರು ಹೆಸರು ನೋಡಿ ಆರಿಸುವುದಿಲ್ಲವೇ ಎಂದು ನೀವು ಕೇಳಬಹುದು. ಹಿಂದೆ ಹೆಸರುಗಳು ಕಾಣುತ್ತಿದ್ದವು. ಹಬಲ್‌ನ ಅನೇಕ ಸುತ್ತುಗಳಲ್ಲಿ ಹೆಂಗಸರು ಮುಖ್ಯಸ್ಥರಾಗಿದ್ದ ಅರ್ಜಿಗಳಿಗೆ ಒಪ್ಪಿಗೆ ಸಿಗುವ ಪ್ರಮಾಣ ಗಂಡಸರದ್ದಕ್ಕಿಂತ ಕಡಿಮೆ ಇದ್ದದ್ದನ್ನು ಸಂಸ್ಥೆಯವರೇ ಲೆಕ್ಕ ಹಾಕಿ ಕಂಡುಕೊಂಡರು. 2018ರಿಂದ ಹೆಸರು, ಊರು, ಯೂನಿವರ್ಸಿಟಿ ಯಾವುದೂ ಪರಿಶೀಲಿಸುವವರಿಗೆ ಕಾಣದಂತೆ ಮಾಡಿದರು. "ನಾವು ಹಿಂದೆ ತೋರಿಸಿದಂತೆ" ಎಂದು ಅರ್ಜಿಯಲ್ಲಿ ಬರೆಯುವಂತೆಯೂ ಇಲ್ಲ. ಆ ವರ್ಷ ಹೆಂಗಸರ ಪ್ರಮಾಣ ತುಸು ಮುಂದೆ ಹೋಯಿತು, ಮೊದಲ ಸಲ ಗೆದ್ದವರ ಸಂಖ್ಯೆಯೂ ಏರಿತು. ಅರ್ಜಿಯಲ್ಲಿ ಹೆಸರಿನ ಕಾಲಂ ಇದೆ, ಆದರೆ ಅದು ತೀರ್ಪುಗಾರರ ಮುಂದೆ ಹೋಗುವುದಿಲ್ಲ. ಸರ್‌ನೇಮ್ ಇಲ್ಲದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ?

ಈಗ ಮೊದಲಿನ ಮಾತಿಗೆ ಬರುತ್ತೇನೆ. ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು, ಯಾರು ಎಂದು ಕೇಳುವುದಿಲ್ಲ. ಏನು ಮಾಡುತ್ತೀರಿ ಎಂದು ಮಾತ್ರ ಕೂದಲು ಸೀಳುವಂತೆ ಕೇಳುತ್ತಾರೆ. ಹಾಗಿದ್ದರೆ ನಮ್ಮೂರಿನ ಹುಡುಗ ಹುಡುಗಿಯರಿಗೆ ಅಡ್ಡ ಇರುವುದು ಏನು? ದುಡ್ಡು ಮತ್ತು ಮಾರ್ಗದರ್ಶನದ ಕೊರತೆ ಖಂಡಿತ ಇದೆ. ಅದರ ಜೊತೆಗೆ ಈ ಕಾಲಂಗಳನ್ನು ಹೀಗೆ ತುಂಬಬೇಕು ಎಂದು ಪಕ್ಕದಲ್ಲಿ ಕೂತು ಹೇಳುವವರಿಲ್ಲದ ಕೊರತೆಯೂ ಇದೆ. ನನಗೆ ಹೇಳುವವಳು ಮನೆಯಲ್ಲೇ ಇದ್ದಳು. ಎಷ್ಟು ಜನಕ್ಕೆ ಇರುತ್ತಾರೆ?

ನಮ್ಮ ನಾಡಿಗೆ ಇದು ಹೊಸದೇನಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು, ಹೊಸಕೋಟೆಯಲ್ಲಿ. ಅದರ ಮಾಹಿತಿ ಬಂದು ಸೇರಿದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಅದಕ್ಕೂ ಹೀಗೆಯೇ ಅರ್ಜಿ ಕರೆದರು, ಕಾಲಂಗಳಿದ್ದವು. ಒಂದು ಅರ್ಜಿ ತುಂಬಲು ಕಲಿತವರಿಗೆ ಇನ್ನೊಂದು ಕಷ್ಟವಾಗುವುದಿಲ್ಲ.

ಅದಕ್ಕೇ ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಒಂದು, ಊರಿನಲ್ಲಿ ಭೌತಶಾಸ್ತ್ರ ಓದುತ್ತಿರುವ ತಂಗಿಯೋ, ಅಣ್ಣನ ಮಗನೋ ಇದ್ದರೆ ಈ ವಾರಾಂತ್ಯ ಫೋನ್ ಮಾಡಿ. ಎಪಿಟಿ ಇಳಿಸಿಕೊಂಡು, ವೆಬ್‌ನ ಪ್ರೋಗ್ರಾಂ ಸಂಖ್ಯೆ 2736 ಅನ್ನು ತರಿಸಿ ತೆರೆಯಲು ಹೇಳಿ. 2022ರ ಜುಲೈನಲ್ಲಿ ಜಗತ್ತೆಲ್ಲ ನೋಡಿದ ವೆಬ್‌ನ ಮೊದಲ ಆಳ ಆಕಾಶದ ಚಿತ್ರ ಹುಟ್ಟಿದ ಅರ್ಜಿ ಅದು. ಒಪ್ಪಿಗೆಯಾದ ಅರ್ಜಿಗಳ ವಿವರ ಎಲ್ಲರಿಗೂ ತೆರೆದಿದೆ. ಹಬಲ್‌ನ ಮತ್ತು ವೆಬ್‌ನ ಹಳೆಯ ವೀಕ್ಷಣೆಗಳ ಮಾಹಿತಿಯೂ ಪುಕ್ಕಟೆ. ಬೇರೆಯವರು ಹೇಗೆ ತುಂಬಿದ್ದಾರೆ ಎಂದು ನೋಡಿಯೇ ಕಲಿಯಬಹುದು. ಎರಡು, ನಾನು ಮತ್ತು ನನ್ನಾಕೆ ಆ ಅರ್ಜಿಯ ಒಂದೊಂದು ಕಾಲಂ ಏನು, ಯಾಕೆ ಎಂದು ಕನ್ನಡದಲ್ಲಿ ಬರೆಯಲು ಶುರುಮಾಡಿದ್ದೇವೆ. ಅರ್ಜಿಯನ್ನು ಇಂಗ್ಲಿಷಿನಲ್ಲೇ ತುಂಬಬೇಕು, ಆದರೆ ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ ಏಕಾಗಬಾರದು? ತಿದ್ದಲು, ಓದಿ ನೋಡಲು ಕೈಜೋಡಿಸುವವರು ಊಟದ ಹೊತ್ತಿಗೆ ನನ್ನನ್ನು ಹಿಡಿಯಿರಿ.

ಕತೆಯ ಕೊನೆ ಕೇಳಬೇಕಲ್ಲವೇ? 2023ರಲ್ಲಿ ವೀಕ್ಷಣೆ ನಡೆಯಿತು. ಆ 5 ಆರ್ಕ್‌ಸೆಕೆಂಡಿನ ಚೌಕದಲ್ಲಿ ನಕ್ಷತ್ರ ಹೆಚ್ಚುಕಡಿಮೆ ನಟ್ಟನಡುವೆ ಕೂತಿತ್ತು. ಜಲಜನಕ ಅವಳು ಎಣಿಸಿದ್ದಕ್ಕಿಂತ ಕಡಿಮೆಯೇ ಕಂಡಿತು. ಅದೂ ಒಂದು ಉತ್ತರವೇ ಎನ್ನುತ್ತಾಳೆ. ಕೆಲಸ ಇನ್ನೆರಡು ವರ್ಷ ಮುಂದುವರಿಯಿತು. ಇನ್ನೊಂದು ಅರ್ಜಿ ಈಗ ತಯಾರಾಗುತ್ತಿದೆ. ನಕ್ಷತ್ರದ ಪುಟವನ್ನು ಈಗಲೂ ನಾನೇ ತುಂಬುತ್ತೇನೆ, ಅವಳು ಅಳೆದು ನೋಡುತ್ತಾಳೆ.

ಬಿಸಿಬೇಳೆಬಾತ್ ಇನ್ನೂ ಬಿಸಿ ಇದೆ ಎಂದು ನಂಬಿದ್ದೇನೆ.

ಸಿರಿಗನ್ನಡಂ ಗೆಲ್ಗೆ.